ಮನೆಗೊಂದು ಉಕ್ಕಿನ ಹಗ್ಗ: ಆರಿಸುವುದು, ಕಟ್ಟುವುದು, ಕಾಪಾಡುವುದು

ಬಟ್ಟೆ ಒಣಹಾಕಲು ವೈರ್ ರೋಪ್ ಕೊಡಿ ಎಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ, ಅಂಗಡಿಯವರು ಮರುಪ್ರಶ್ನೆ ಹಾಕುತ್ತಾರೆ: ‘ಎಷ್ಟು ದಪ್ಪದ್ದು ಬೇಕು?’ ಗಿರಾಕಿ ಬೆರಳಲ್ಲೇ ಒಂದು ಅಳತೆ ತೋರಿಸುತ್ತಾರೆ. ಸುರುಳಿಯಿಂದ ಹತ್ತು ಮೀಟರ್ ಕತ್ತರಿಸಿ, ಜತೆಗೆ ನಾಲ್ಕು ಕ್ಲಾಂಪ್ ಕೊಟ್ಟರೆ ವ್ಯಾಪಾರ ಮುಗಿಯಿತು. ಆದರೆ ಮನೆಬಳಕೆಯಲ್ಲಿ ಈ ಹಗ್ಗ ನಡುವೆ ಕಡಿದುಬೀಳುವುದು ತೀರಾ ಅಪರೂಪ. ಕ್ಲಾಂಪ್ ಜಾರುತ್ತದೆ, ಗೋಡೆಯ ಕೊಕ್ಕೆ ಕಿತ್ತು ಬರುತ್ತದೆ, ಪ್ಯಾರಾಪೆಟ್ ಗೋಡೆ ಬಿರುಕು ಬಿಡುತ್ತದೆ. ದಪ್ಪದ ಬಗ್ಗೆ ಮಾಡುವ ಯೋಚನೆಯ ಅರ್ಧದಷ್ಟನ್ನು ಅದರ ಎರಡು ತುದಿಗಳ ಬಗ್ಗೆ ಮತ್ತು ಬಿಗಿತದ ಬಗ್ಗೆ ಮಾಡಿದರೆ ಸಾಕು, ಹಗ್ಗ ವರ್ಷಗಟ್ಟಲೆ ದುಡಿಯುತ್ತದೆ.

ಉಕ್ಕಿನ ಹಗ್ಗದ ಮೂಲ ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿಗಳಲ್ಲಿದೆ. ಅದಿರು ಮೇಲೆತ್ತುವ ಸರಪಳಿಯಲ್ಲಿ ಒಂದೇ ಒಂದು ಕೊಂಡಿ ಮುರಿದರೂ ಇಡೀ ಸರಪಳಿ ಕೆಳಗೆ ಬೀಳುತ್ತಿತ್ತು. ಕ್ಲೌಸ್ಟಾಲ್‌ನ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ 1834ರಲ್ಲಿ ನಾಲ್ಕು ನಾಲ್ಕು ತಂತಿಗಳ ಮೂರು ಎಳೆಗಳನ್ನು ಹೊಸೆದು ಹಗ್ಗ ಮಾಡಿಸಿದರು. ಒಂದು ತಂತಿ ಕಡಿದರೂ ಉಳಿದವು ಭಾರ ಹಂಚಿಕೊಳ್ಳುತ್ತವೆ, ಹಗ್ಗ ಕೈಕೊಡುವ ಮೊದಲು ಸೂಚನೆ ಕೊಡುತ್ತದೆ. ನಮ್ಮ ಹಿತ್ತಿಲಿನ 3 ಮಿ.ಮೀ. ಹಗ್ಗದ ಗುಣವೂ ಇದೇ. ಒಂಟಿ ಜಿಐ ತಂತಿಗೆ, ಅಂದರೆ ಸತು ಲೇಪಿಸಿದ ತಂತಿಗೆ, ಈ ಗುಣವಿಲ್ಲ. ನಾಲ್ಕಾರು ಸಲ ಒಂದೇ ಜಾಗದಲ್ಲಿ ಬಾಗಿದರೆ ಅದು ಹೇಳದೆ ಕೇಳದೆ ತುಂಡಾಗುತ್ತದೆ.

ಲೇಬಲ್ ಮೇಲಿನ ಎರಡು ಅಂಕಿ

ಸುರುಳಿಯ ಚೀಟಿಯ ಮೇಲೆ 1×19, 7×7, 7×19 ಎಂದು ಏನಾದರೊಂದು ಬರೆದಿರುತ್ತದೆ. ಮೊದಲ ಅಂಕಿ ಹಗ್ಗದಲ್ಲಿ ಎಷ್ಟು ಎಳೆಗಳಿವೆ ಎಂದು ಹೇಳುತ್ತದೆ, ಎರಡನೆಯದು ಒಂದೊಂದು ಎಳೆಯಲ್ಲಿ ಎಷ್ಟು ತಂತಿ ಎಂದು. 1×19 ಗಡುಸು, ಬಾಗಲು ಒಪ್ಪುವುದಿಲ್ಲ. ನೇರವಾಗಿ ಎಳೆದು ನಿಲ್ಲಿಸುವ ಕೆಲಸಕ್ಕೆ ಮಾತ್ರ. 7×7ರಲ್ಲಿ 49 ತಂತಿಗಳಿವೆ, ಸಾಧಾರಣವಾಗಿ ಬಾಗುತ್ತದೆ. 7×19ರಲ್ಲಿ 133 ತಂತಿಗಳು. ಇದು ಮೃದು, ರಾಟೆಯ ಮೇಲೆ ಓಡಾಡಲು ಹೇಳಿ ಮಾಡಿಸಿದ್ದು.

ಹಾಗಿದ್ದರೆ ಎಲ್ಲದಕ್ಕೂ 7×19 ತಂದರಾಯಿತಲ್ಲ ಎನ್ನಿಸಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. 3 ಮಿ.ಮೀ. ದಪ್ಪದ 7×7 ಹಗ್ಗದಲ್ಲಿ ಒಂದೊಂದು ತಂತಿ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿದ್ದರೆ, ಅದೇ ದಪ್ಪದ 7×19ರಲ್ಲಿ ಐದನೇ ಒಂದು ಭಾಗದಷ್ಟು. ತಂತಿ ಸಣ್ಣದಾದಷ್ಟೂ ಅದರ ಮೇಲೆ ನಿಲ್ಲುವ ಸತುವಿನ ಲೇಪವೂ ತೆಳು. ಮಳೆಯಲ್ಲಿ ನಿಲ್ಲುವ ಹಗ್ಗದಲ್ಲಿ ಸಣ್ಣ ತಂತಿಗೆ ಬೇಗ ತುಕ್ಕು ಹಿಡಿಯುತ್ತದೆ. ಆದ್ದರಿಂದ ನನ್ನ ಸಲಹೆ ಇಷ್ಟು: ಅಲುಗಾಡದೆ ಒಂದೆಡೆ ನಿಲ್ಲುವ ಬಟ್ಟೆಹಗ್ಗ, ಬಳ್ಳಿಯ ಚಪ್ಪರ, ಗೇಟಿನ ಆಸರೆಗೆ 7×7. ರಾಟೆಯ ಮೇಲೆ ಓಡಬೇಕಾದರೆ ಮಾತ್ರ 7×19. ರಾಟೆಯ ಗಾತ್ರವೂ ಮುಖ್ಯ. 7×19ಕ್ಕೆ ಹಗ್ಗದ ದಪ್ಪದ ಸುಮಾರು 20 ಪಟ್ಟು ಅಗಲದ ರಾಟೆ ಬೇಕು, 7×7ಕ್ಕೆ ಸುಮಾರು 40 ಪಟ್ಟು. ಅಂದರೆ 3 ಮಿ.ಮೀ. ಹಗ್ಗಕ್ಕೆ ಕ್ರಮವಾಗಿ 6 ಮತ್ತು 12 ಸೆಂ.ಮೀ. ಬೆರಳಗಲದ ಪುಟ್ಟ ರಾಟೆ ಹಾಕಿದರೆ ಹಗ್ಗ ಪ್ರತಿ ಸುತ್ತಿಗೂ ಚೂರು ಚೂರೇ ಸಾಯುತ್ತದೆ.

ಕೆಲವು ಹಗ್ಗಗಳ ನಡುವೆ ಉಕ್ಕಿನ ಎಳೆಯ ಬದಲು ನಾರಿನ ತಿರುಳು ಇರುತ್ತದೆ. ಅದು ನೀರು ಹಿಡಿದಿಟ್ಟುಕೊಳ್ಳುವುದರಿಂದ ಹೊರಾಂಗಣಕ್ಕೆ ಬೇಡ. ತುದಿಯನ್ನು ಸ್ವಲ್ಪ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ.

ದಪ್ಪವನ್ನು ಅಳೆಯುವಾಗ ವರ್ನಿಯರ್ ಕ್ಯಾಲಿಪರ್ ಎಳೆಗಳ ಉಬ್ಬಿನ ಮೇಲೆ ಕೂರಬೇಕು, ಎರಡು ಎಳೆಗಳ ನಡುವಿನ ತಗ್ಗಿನಲ್ಲಿ ಅಲ್ಲ. ಪ್ಲಾಸ್ಟಿಕ್ ಹೊದಿಕೆಯ ಹಗ್ಗವಾದರೆ ಎರಡು ದಪ್ಪಗಳನ್ನೂ ಕೇಳಿ: ಹೊರಗೆ 3 ಮಿ.ಮೀ. ಕಂಡರೂ ಒಳಗಿನ ಉಕ್ಕು 2 ಮಿ.ಮೀ. ಇರಬಹುದು, ಭಾರ ಹೊರುವುದು ಒಳಗಿನದು ಮಾತ್ರ. ಜಿಐ ತಂತಿ ತರುವವರಿಗೆ ಇನ್ನೊಂದು ಗೊಂದಲ ಕಾದಿರುತ್ತದೆ. ಅದರ ಅಳತೆ ಗೇಜಿನಲ್ಲಿದೆ, ಗೇಜ್ ಹೆಚ್ಚಾದಷ್ಟೂ ತಂತಿ ಸಣ್ಣದು. 10 ಗೇಜ್ ಎಂದರೆ 3.25 ಮಿ.ಮೀ., 14 ಗೇಜ್ ಎಂದರೆ ಸುಮಾರು 2 ಮಿ.ಮೀ.

ಬಿಗಿದಷ್ಟೂ ಅಪಾಯ

ಬಟ್ಟೆಹಗ್ಗ ಒಂದಿಷ್ಟೂ ಜೋಲದೆ ಗೆರೆ ಎಳೆದಂತೆ ನಿಲ್ಲಬೇಕೆಂಬುದು ಎಲ್ಲರ ಆಸೆ. ಆ ಆಸೆಯೇ ಗೋಡೆಗೆ ಮುಳುವು.

ಇಪ್ಪತ್ತು ಅಡಿ ಅಂತರದಲ್ಲಿ ಹಗ್ಗ ಕಟ್ಟಿ, ನಟ್ಟನಡುವೆ 10 ಕೆಜಿ ತೂಗುವ ಒದ್ದೆ ಕಂಬಳಿ ಹಾಕಿದ್ದೀರಿ ಎಂದುಕೊಳ್ಳಿ. ಹಗ್ಗ ನಡುವಿನಲ್ಲಿ 2 ಅಡಿ ಜೋತರೆ ತುದಿಗಳ ಮೇಲೆ ಬೀಳುವ ಎಳೆತ ಸುಮಾರು 25 ಕೆಜಿ. ಒಂದು ಅಡಿ ಜೋತರೆ 50 ಕೆಜಿ. ಹಗ್ಗ ಬಿಗಿಸುವ ತಿರುಪು, ಅಂದರೆ ಟರ್ನ್‌ಬಕಲ್ ತಿರುಗಿಸಿ ಜೋಲನ್ನು 6 ಇಂಚಿಗೆ ಇಳಿಸಿದರೆ 100 ಕೆಜಿ, 3 ಇಂಚಿಗೆ ಇಳಿಸಿದರೆ 200 ಕೆಜಿ! ಕಂಬಳಿಯ ತೂಕ ಮಾತ್ರ ಅದೇ ಹತ್ತು. ಲೆಕ್ಕ ಸುಲಭ: ತೂಕವನ್ನು ಅಂತರದಿಂದ ಗುಣಿಸಿ, ಜೋಲಿನ ನಾಲ್ಕರಷ್ಟರಿಂದ ಭಾಗಿಸಿ. ಭಾರ ಉದ್ದಕ್ಕೂ ಸಮವಾಗಿ ಹರಡಿದ್ದರೆ ಬಂದ ಉತ್ತರದ ಅರ್ಧ ಹಿಡಿಯಿರಿ. ಜೋಲು ಎಂದರೆ ಇಲ್ಲಿ ಭಾರ ಹಾಕಿದ ಮೇಲಿನ ಜೋಲು.

ಇದರಿಂದ ಮನೆಗೆ ಸಾಕಾಗುವಂಥ ಒಂದು ಸೂತ್ರ ಸಿಗುತ್ತದೆ. ಇಪ್ಪತ್ತು ಅಡಿಗೆ ಒಂದು ಅಡಿ ಜೋಲು ಬಿಟ್ಟರೆ ಎಳೆತ ತೂಕದ ಐದು ಪಟ್ಟು ಆಗುತ್ತದೆ. ಹಗ್ಗವನ್ನು ಅದು ಕಡಿಯುವ ಬಲದ ಐದನೇ ಒಂದು ಪಾಲಿಗಿಂತ ಹೆಚ್ಚು ದುಡಿಸಬಾರದೆಂಬುದು ರೂಢಿ. ಎರಡೂ ಸೇರಿದರೆ, ನಡುವೆ ಹಾಕುವ ತೂಕದ 25 ಪಟ್ಟು ಬಲದ ಹಗ್ಗ ಬೇಕಾಯಿತು. ಹತ್ತು ಕೆಜಿಗೆ 250 ಕೆಜಿ. 2 ಮಿ.ಮೀ. 7×7 ಹಗ್ಗ ಹೆಚ್ಚುಕಡಿಮೆ ಈ ಅಂಚಿನಲ್ಲೇ ನಿಲ್ಲುತ್ತದೆ. 3 ಮಿ.ಮೀ.ನದಕ್ಕೆ 500 ಕೆಜಿ ದಾಟಿದ ಬಲವಿರುತ್ತದೆ. ಬಟ್ಟೆಹಗ್ಗಕ್ಕೆ 3 ಮಿ.ಮೀ. ಎಂದು ನಿಶ್ಚಿಂತೆಯಿಂದ ಹೇಳುವುದು ಇದಕ್ಕೇ. ಅದಕ್ಕಿಂತ ದಪ್ಪದ್ದು ತಂದರೆ ಬಾಗಿಸುವುದು ಕಷ್ಟ, ಲಾಭವೂ ಇಲ್ಲ, ಏಕೆಂದರೆ ಅಷ್ಟರಲ್ಲಿ ಗೋಡೆ ಕಿತ್ತುಬಂದಿರುತ್ತದೆ.

ಹೂಕುಂಡ ತೂಗುಹಾಕುವಾಗಲೂ ಕೋನದ ಆಟ ಇದೇ. ನೇರ ಇಳಿಬಿಟ್ಟ ಹಗ್ಗಕ್ಕೆ ಕುಂಡದ ತೂಕ ಮಾತ್ರ ಬೀಳುತ್ತದೆ. ಎರಡು ಕಾಲುಗಳಾಗಿ ಕಟ್ಟಿದರೆ, ಅವುಗಳ ನಡುವಿನ ಕೋನ 120 ಡಿಗ್ರಿ ತಲುಪಿದಾಗ ಒಂದೊಂದು ಕಾಲಿನ ಮೇಲೂ ಪೂರ್ತಿ ತೂಕ ಕೂತಿರುತ್ತದೆ. ಕಾಲುಗಳನ್ನು ಉದ್ದ ಬಿಡಿ, ಕೋನ 60 ಡಿಗ್ರಿಯೊಳಗಿರಲಿ. ಕುಂಡವನ್ನು ತೂಗುವುದಾದರೆ ನೀರು ಹಾಕಿದ ಮೇಲೆ ತೂಗಿ.

ಗೋಡೆ, ಕಂಬ, ಕೊಕ್ಕೆ

ಐವತ್ತು-ನೂರು ಕೆಜಿ ಎಳೆತವನ್ನು ಕಾಂಕ್ರೀಟಿನ ಪಿಲ್ಲರ್ ಅಥವಾ ಬೀಮ್‌ಗೆ ಹೊಡೆದ ಆ್ಯಂಕರ್ ಬೋಲ್ಟ್ ಸುಲಭವಾಗಿ ತಡೆಯುತ್ತದೆ. ನಾಲ್ಕಿಂಚಿನ ಇಟ್ಟಿಗೆ ಪ್ಯಾರಾಪೆಟ್ ತಡೆಯುವುದಿಲ್ಲ. ತಾರಸಿಯ ಎದುರುಬದುರು ಪ್ಯಾರಾಪೆಟ್‌ಗಳ ನಡುವೆ ಹಗ್ಗ ಬಿಗಿಯುವುದು ನಮ್ಮ ಊರುಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಅದನ್ನು ತಪ್ಪೆಂದು ಯಾರೂ ಭಾವಿಸುವುದೇ ಇಲ್ಲ. ಮೇಲ್ತುದಿಯಲ್ಲಿ ಒಳಕ್ಕೆ ಎಳೆಯುವ ಬಲಕ್ಕೆ ಆ ಗೋಡೆಯನ್ನು ಯಾರೂ ಕಟ್ಟಿರುವುದಿಲ್ಲ. ಮೆಟ್ಟಿಲ ಕೋಣೆಯ ಪಿಲ್ಲರ್, ನೀರಿನ ಟ್ಯಾಂಕಿನ ಕಾಂಕ್ರೀಟ್ ಕಾಲು ಹುಡುಕಿ. ಅದೂ ಇಲ್ಲದಿದ್ದರೆ ಕಬ್ಬಿಣದ ಕಂಬ ನಿಲ್ಲಿಸಿ.

ಕರಾವಳಿಯ ಕೆಂಪುಕಲ್ಲಿನ ಗೋಡೆ, ನಗರದ ಹಾಲೋ ಬ್ಲಾಕ್ ಗೋಡೆಗಳಲ್ಲಿ ಹಿಗ್ಗಿ ಹಿಡಿಯುವ ಆ್ಯಂಕರ್ ಬೋಲ್ಟ್ ನಿಲ್ಲುವುದಿಲ್ಲ. ಕಲ್ಲು ಪುಡಿಯಾಗುತ್ತದೆ, ಬ್ಲಾಕಿನ ಟೊಳ್ಳಿನಲ್ಲಿ ಬೋಲ್ಟಿಗೆ ಹಿಡಿತವೇ ಸಿಗುವುದಿಲ್ಲ. ಇಲ್ಲಿ ಗೋಡೆಯ ಆಚೆ ಬದಿಗೆ ತೂತು ಹಾಯಿಸಿ, ಅಲ್ಲಿ ಅಂಗೈಯಗಲದ ಕಬ್ಬಿಣದ ಪ್ಲೇಟ್ ಇಟ್ಟು ನಟ್ ಬಿಗಿಯಬೇಕು. ಎಳೆತ ಆಗ ಒಂದು ಚುಕ್ಕೆಯ ಮೇಲೆ ಬೀಳದೆ ಗೋಡೆಗೆ ಹರಡುತ್ತದೆ. ಸರಳನ್ನು ಬಗ್ಗಿಸಿ ಮಾಡಿದ, ಬಾಯಿ ಪೂರ್ತಿ ಮುಚ್ಚದ ಕೊಕ್ಕೆ ಅಗ್ಗ, ಭಾರಕ್ಕೆ ಮೆಲ್ಲಗೆ ತೆರೆದುಕೊಳ್ಳುತ್ತದೆ. ಬೆಸುಗೆ ಹಾಕಿದ ಇಲ್ಲವೇ ಅಚ್ಚಿನಲ್ಲಿ ಬಡಿದು ಮಾಡಿದ ಐ ಬೋಲ್ಟ್ ಕೇಳಿ ತನ್ನಿ. ಟರ್ನ್‌ಬಕಲ್ ಕೂಡ ಹಾಗೆ, ಎರಡೂ ತುದಿಯಲ್ಲಿ ಮುಚ್ಚಿದ ಬಳೆ ಇರುವುದು ಕೊಕ್ಕೆ ಇರುವುದಕ್ಕಿಂತ ಗಟ್ಟಿ.

ಅಂಗಳದಲ್ಲಿ ಕಂಬ ನೆಟ್ಟು ಕಟ್ಟುವವರು ಕಂಬದ ಹಿಂಬದಿಗೆ ಒಂದು ಆಸರೆ ಹಗ್ಗವನ್ನು ನೆಲದ ಗೂಟಕ್ಕೆ ಬಿಗಿಯಬೇಕು. 45 ಡಿಗ್ರಿ ಓರೆಯಲ್ಲಿ ಆ ಹಗ್ಗ ಮುಂದಿನ ಎಳೆತದ ಸುಮಾರು 1.4 ಪಟ್ಟು ಹೊರುತ್ತದೆ. ಸುಳ್ಯದ ಗಿರೀಶ್ ಭಾರದ್ವಾಜ್ ಹಳ್ಳಿಗಳಿಗಾಗಿ ಕಟ್ಟಿದ, 2017ರಲ್ಲಿ ಪದ್ಮಶ್ರೀ ತಂದುಕೊಟ್ಟ ತೂಗುಸೇತುವೆಗಳನ್ನು ನೋಡುವ ಅವಕಾಶ ಸಿಕ್ಕರೆ ಹೊಳೆಯ ನಡುವಿನ ಹಲಗೆಗಳಿಗಿಂತ ದಡದಲ್ಲಿ ಹಗ್ಗ ನೆಲ ಸೇರುವ ಜಾಗವನ್ನು ಗಮನಿಸಿ. ಸೇತುವೆ ನಿಂತಿರುವುದು ಅಲ್ಲಿ.

ತುದಿ ಕಟ್ಟುವ ಬಗೆ

ಉಕ್ಕಿನ ಹಗ್ಗಕ್ಕೆ ಗಂಟು ಹಾಕಬಾರದು. ಗಂಟು ಬಿದ್ದಲ್ಲಿ ಹಗ್ಗದ ಬಲ ಅರ್ಧದಷ್ಟು ಹೋಗಬಹುದು, ಬಿಚ್ಚಿದ ಮೇಲೂ ಆ ತಿರುಚು ಉಳಿಯುತ್ತದೆ. ಕುಣಿಕೆ ಮಾಡಿ ಕ್ಲಾಂಪ್ ಹಾಕಬೇಕು ಅಥವಾ ಅಲ್ಯೂಮಿನಿಯಂ ಫೆರೂಲ್ ಎಂಬ ಗಿಡ್ಡ ಕೊಳವೆಯನ್ನು ಒತ್ತಬೇಕು. ಎರಡರಲ್ಲೂ ಕುಣಿಕೆಯೊಳಗೆ ಥಿಂಬಲ್ ಇರಲೇಬೇಕು. ಹನಿಯಾಕಾರದ ಆ ತಗಡಿನ ತುಣುಕಿಗೆ ತೀರಾ ಕಡಿಮೆ ಬೆಲೆ, ಅದಿಲ್ಲದೆ ಹಗ್ಗ ಐ ಬೋಲ್ಟಿನ ಮೇಲೆ ಚೂಪಾಗಿ ಬಾಗಿ ಅಲ್ಲೇ ಸವೆಯುತ್ತದೆ.

ಯು ಕ್ಲಾಂಪಿನಲ್ಲಿ ಎರಡು ಭಾಗಗಳಿವೆ: ಯು ಆಕಾರದ ಬೋಲ್ಟ್ ಮತ್ತು ಹಳ್ಳವಿರುವ ಅಚ್ಚಿನ ತುಂಡು. ಯು ಬೋಲ್ಟ್ ಹಗ್ಗವನ್ನು ಕಚ್ಚಿ ಜಜ್ಜುತ್ತದೆ, ಅಚ್ಚಿನ ತುಂಡು ಹಗ್ಗವನ್ನು ಜಜ್ಜದೆ ಹಿಡಿಯುತ್ತದೆ. ಭಾರ ಹೊರುವ ಉದ್ದದ ಹಗ್ಗದ ಮೇಲೆ ಅಚ್ಚಿನ ತುಂಡು ಬರಬೇಕು, ಮಡಚಿ ತಂದ ಗಿಡ್ಡ ತುದಿಯ ಮೇಲೆ ಯು ಬೋಲ್ಟ್. ಒಂದು ಕ್ಲಾಂಪ್ ಹೀಗೆ, ಮುಂದಿನದು ಹಾಗೆ ಎಂದು ತಿರುವುಮುರುವಾಗಿ ಹಾಕಿರುವುದನ್ನು ಎಲ್ಲೆಡೆ ನೋಡುತ್ತೇವೆ. ಅದರಿಂದ ಭಾರ ಹೊರುವ ಹಗ್ಗವೇ ಜಜ್ಜಿ ಹೋಗುತ್ತದೆ. ನಿಮ್ಮ ಮನೆಯಲ್ಲಿ ಈಗಾಗಲೇ ಕಟ್ಟಿದ ಹಗ್ಗವಿದ್ದರೆ ಇಂದೇ ನೋಡಿ, ತಪ್ಪಿದ್ದರೆ ತಿರುಗಿಸಿ ಹಾಕಿ.

ಒಂದೊಂದು ತುದಿಗೆ ಮೂರು ಕ್ಲಾಂಪ್ ಹಾಕುವುದು ಒಳ್ಳೆಯದು. ಎರಡರ ನಡುವೆ ಹಗ್ಗದ ದಪ್ಪದ ಆರು ಪಟ್ಟು ಜಾಗ, ಅಂದರೆ 3 ಮಿ.ಮೀ.ಗೆ ಸುಮಾರು 2 ಸೆಂ.ಮೀ. ಮೊದಲು ಗಿಡ್ಡ ತುದಿಯ ಕೊನೆಯ ಹತ್ತಿರದ್ದು, ಆಮೇಲೆ ಥಿಂಬಲ್ಲಿಗೆ ಅಂಟಿದ್ದು, ಕಡೆಗೆ ನಡುವಿನದು. ಎರಡೂ ನಟ್‌ಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಭಾರ ಬಿದ್ದ ಮೇಲೆ ಹಗ್ಗ ಹಿಗ್ಗಿ ತುಸು ಸಣ್ಣದಾಗುತ್ತದೆ, ಕ್ಲಾಂಪ್ ಸಡಿಲವಾಗುತ್ತದೆ. ಆದ್ದರಿಂದ ಮೊದಲ ಸಲ ಭಾರ ಹಾಕಿ ತೆಗೆದ ಮೇಲೆ ಇನ್ನೊಮ್ಮೆ ಸ್ಪ್ಯಾನರ್ ಹಿಡಿಯಲೇಬೇಕು. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕ್ಲಾಂಪ್ ಹಾಕಿದ ತುದಿಗೆ ಹಗ್ಗದ ಬಲದ ಸುಮಾರು ಶೇ 80ರಷ್ಟೇ ಸಿಗುತ್ತದೆ.

ಫೆರೂಲ್ ಅಚ್ಚುಕಟ್ಟು, ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ. ಹಗ್ಗದ ದಪ್ಪಕ್ಕೆ ಸರಿಯಾದ ಅಳತೆಯದ್ದು, ಅದನ್ನು ಒತ್ತುವ ಕೈ ಪ್ರೆಸ್ ಎರಡೂ ಬೇಕು. ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದ ಫೆರೂಲನ್ನು ನಂಬಬೇಡಿ. ಪ್ಲಾಸ್ಟಿಕ್ ಹೊದಿಕೆಯ ಹಗ್ಗವಾದರೆ ತುದಿಯ ಹೊದಿಕೆಯನ್ನು ಸುಲಿದು ಉಕ್ಕಿನ ಮೇಲೇ ಕ್ಲಾಂಪ್ ಅಥವಾ ಫೆರೂಲ್ ಹಾಕಬೇಕು, ಹೊದಿಕೆಯ ಮೇಲೆ ಹಾಕಿದ್ದು ಒಂದು ದಿನ ಜಾರಿ ಬರುತ್ತದೆ.

ಕೊಳ್ಳುವಾಗ ಅಂತರಕ್ಕಿಂತ ಒಂದೊಂದು ತುದಿಗೆ ಒಂದೂವರೆ ಅಡಿ ಹೆಚ್ಚು ತನ್ನಿ. ಕತ್ತರಿಸುವ ಜಾಗಕ್ಕೆ ಮೊದಲೇ ಇನ್ಸುಲೇಷನ್ ಟೇಪ್ ಬಿಗಿಯಾಗಿ ಸುತ್ತಿ ಟೇಪಿನ ನಡುವೆ ಕತ್ತರಿಸಿದರೆ ತಂತಿಗಳು ಬಿಚ್ಚಿಕೊಳ್ಳುವುದಿಲ್ಲ. ಸುರುಳಿಯನ್ನು ನೆಲದ ಮೇಲೆ ಉರುಳಿಸುತ್ತಾ ಬಿಚ್ಚಿ. ಸುರುಳಿ ಮಲಗಿಸಿ ತುದಿ ಎಳೆದರೆ ಹಗ್ಗ ತಿರುಚಿ ಕಣ್ಣಿ ಬೀಳುತ್ತದೆ, ಆ ಕಣ್ಣಿ ಬಿಗಿದ ಜಾಗ ಮತ್ತೆ ಮೊದಲಿನಂತಾಗುವುದಿಲ್ಲ. ಕೈಗೆ ಚರ್ಮದ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಟರ್ನ್‌ಬಕಲ್ ಬಿಗಿಯುವಾಗ ಹಗ್ಗದ ನೇರದಲ್ಲಿ ನಿಲ್ಲದೆ ಪಕ್ಕದಲ್ಲಿ ನಿಲ್ಲಿ.

ಏನಕ್ಕೆಲ್ಲ, ಏನಕ್ಕೆ ಬೇಡ

ತೊಂಡೆ, ಬಸಳೆ, ಹೀರೆಯ ಚಪ್ಪರಕ್ಕೆ ಸುತ್ತಲಿನ ಚೌಕಟ್ಟನ್ನು 3 ಮಿ.ಮೀ. ಹಗ್ಗದಲ್ಲಿ ಕಟ್ಟಿ, ಒಳಗಿನ ಜಾಲವನ್ನು ಸಣ್ಣ ಜಿಐ ತಂತಿಯಲ್ಲಿ ನೇಯ್ದರೆ ಬಿದಿರಿನಂತೆ ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುವ ಕೆಲಸವಿಲ್ಲ. ಕೆಳಕ್ಕೆ ಜೋತ ಮರದ ಗೇಟನ್ನು ಸರಿಪಡಿಸಲು ಇದು ಬಹಳ ಒಳ್ಳೆಯ ಉಪಾಯ: ಬಿಜಾಗರಿ ಇರುವ ಬದಿಯ ಮೇಲ್ತುದಿಯಿಂದ ಚಿಲಕದ ಬದಿಯ ಕೆಳತುದಿಗೆ ಓರೆಯಾಗಿ ಹಗ್ಗ ಹಾಯಿಸಿ, ನಡುವೆ ಟರ್ನ್‌ಬಕಲ್ ಇಟ್ಟು ತಿರುಗಿಸಿದರೆ ಗೇಟು ಮೇಲೇಳುತ್ತದೆ. ದಿಕ್ಕು ತಪ್ಪಿದರೆ ಗೇಟು ಮೇಲೇಳುವುದಿಲ್ಲ, ಹಗ್ಗ ಎಳೆಯಬಲ್ಲದೇ ಹೊರತು ತಳ್ಳಲಾರದು.

ಎಳೆಯ ಗಿಡಕ್ಕೆ ಆಸರೆ ಕಟ್ಟುವಾಗ ತೊಗಟೆಗೆ ತಾಗುವ ಕಡೆ ಹಳೆಯ ರಬ್ಬರ್ ಪೈಪ್ ತೊಡಿಸಿ, ಬೇರು ಬಿಟ್ಟ ಮೇಲೆ ತೆಗೆದುಬಿಡಿ. ಮಾವು, ಹಲಸಿನಂಥ ಮರ ದಪ್ಪವಾಗುತ್ತಾ ಹಗ್ಗವನ್ನು ನುಂಗುತ್ತದೆ, ರಸ ಹರಿಯುವ ದಾರಿ ಕತ್ತರಿಸಿ ಕೊಂಬೆ ಒಣಗುತ್ತದೆ. ಮನೆಯ ಕಡೆ ವಾಲಿದ ತೆಂಗಿನಮರವನ್ನು ಎಳೆದು ಕಟ್ಟುವುದು ಮಾತ್ರ ಈ ಹಗುರ ಹಗ್ಗದ ಕೆಲಸವಲ್ಲ. ಗಾಳಿಗೆ ಮರ ತೂಗುವ ಬಲ ಊಹೆಗೆ ಮೀರಿದ್ದು. ಅದಕ್ಕೆ ದಪ್ಪ ಹಗ್ಗ ಮತ್ತು ಅನುಭವಿಗಳು ಬೇಕು.

ಮಕ್ಕಳ ಜೋಕಾಲಿ, ಮನುಷ್ಯರು ಹತ್ತುವ ಯಾವುದೇ ವ್ಯವಸ್ಥೆ, ತಲೆಯ ಮೇಲೆ ಭಾರ ಎತ್ತುವುದು, ಇವಕ್ಕೆ ಮನೆಯಲ್ಲಿ ಕ್ಲಾಂಪ್ ಹಾಕಿದ ಹಗ್ಗ ಬೇಡ. ಜೋಕಾಲಿಗೆ ಪರೀಕ್ಷಿಸಿದ ಸರಪಳಿಯೇ ಇರಲಿ. ಬೆಂಗಳೂರಿನ ಫ್ಲ್ಯಾಟ್‌ಗಳ ಬಾಲ್ಕನಿಗೆ ಹಾಕುವ ‘ಇನ್‌ವಿಸಿಬಲ್ ಗ್ರಿಲ್’ ನೋಡಿ, ನಾವೂ ಜಿಐ ಹಗ್ಗದಲ್ಲಿ ಕಟ್ಟಬಹುದಲ್ಲ ಎಂದು ಹೊರಡಬೇಡಿ. ಅಲ್ಲಿ ಬಳಸುವುದು ಸ್ಟೇನ್‌ಲೆಸ್ ಸ್ಟೀಲ್ ಹಗ್ಗ, ಜತೆಗೆ ಅದನ್ನು ಹಿಡಿಯುವ ಗಟ್ಟಿ ಚೌಕಟ್ಟು. ಮಗುವಿನ ಪ್ರಾಣ ಅದರ ಮೇಲಿರುತ್ತದೆ.

ಓಡಾಡುವ ದಾರಿಗೆ ಅಡ್ಡ ಬರುವ ಹಗ್ಗ ತಲೆಗಿಂತ ಎತ್ತರದಲ್ಲಿರಬೇಕು. ಮುಸ್ಸಂಜೆಯಲ್ಲಿ ಬೂದು ಬಣ್ಣದ ತೆಳು ಹಗ್ಗ ಕಣ್ಣಿಗೆ ಕಾಣುವುದಿಲ್ಲ, ಬೈಕಿನಲ್ಲಿ ಅಂಗಳಕ್ಕೆ ನುಗ್ಗುವವರ ಕುತ್ತಿಗೆಯ ಎತ್ತರ ನೆನಪಿರಲಿ. ಬಣ್ಣದ ಬಟ್ಟೆಯ ಚೂರು ಕಟ್ಟಿಡಿ.

ಇನ್ನು ಕರೆಂಟಿನ ವಿಷಯ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರಿಗೆ ಆಸರೆಯಾಗಿ ಒಂದು ಜಿಐ ತಂತಿಯನ್ನು ಹಾಯಿಸಿರುತ್ತಾರೆ. ಬಿಸಿಲು ಮಳೆಗೆ ವೈರಿನ ಹೊದಿಕೆ ಸೀಳಿದರೆ ಆ ತಂತಿಗೆ ವಿದ್ಯುತ್ ಹರಿಯುತ್ತದೆ. ಬಟ್ಟೆಹಗ್ಗ ಅದಕ್ಕೆ, ಅದರ ಕೊಕ್ಕೆಗೆ, ವಿದ್ಯುತ್ ಕಂಬಕ್ಕೆ, ತಗಡಿನ ಮಾಡಿನ ಚೌಕಟ್ಟಿಗೆ ತಾಗುವಂತಿದ್ದರೆ ಒದ್ದೆ ಬಟ್ಟೆ ಹಿಡಿದ ಕೈಗೆ ಸಾವು ಕಾದಿರುತ್ತದೆ. ಮಳೆಗಾಲದಲ್ಲಿ ಹೀಗೆ ತಾಯಂದಿರು, ಮಕ್ಕಳು ಸತ್ತ ಸುದ್ದಿ ನಾವು ಮತ್ತೆ ಮತ್ತೆ ಓದುತ್ತೇವೆ, ಅವು ತಪ್ಪಿಸಬಹುದಾದ ಸಾವುಗಳು. ಹಗ್ಗದ ಮೇಲಿನ ಪ್ಲಾಸ್ಟಿಕ್ ಹೊದಿಕೆ ವಿದ್ಯುತ್ ತಡೆಯಲೆಂದು ಮಾಡಿದ್ದಲ್ಲ. ಉಕ್ಕಿನ ಹಗ್ಗ ಕಟ್ಟುವ ಜಾಗದಿಂದ ವೈರುಗಳು ಕೈಗೆಟುಕದಷ್ಟು ದೂರವಿರಲಿ, ಮನೆಯ ಬೋರ್ಡಿನಲ್ಲಿ ವಿದ್ಯುತ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಆದರೆ ಅದು ಮನೆಯೊಳಗಿನ ವೈರಿಂಗಿಗೆ ಮಾತ್ರ ಕಾವಲು, ಮೀಟರಿಗಿಂತ ಹಿಂದಿನ ಸರ್ವಿಸ್ ವೈರಿನ ದೋಷವನ್ನು ಅದು ತಡೆಯಲಾರದು.

ಸತುವಿನ ಆಯಸ್ಸು

ಗ್ಯಾಲ್ವನೈಸ್ ಎಂದರೆ ಉಕ್ಕಿಗೆ ಸತುವಿನ ಲೇಪ. ಸತು ತಾನು ಮೊದಲು ಕರಗಿ ಉಕ್ಕನ್ನು ಕಾಯುತ್ತದೆ, ಸಣ್ಣ ಗೀರು ಬಿದ್ದರೂ ಸುತ್ತಲಿನ ಸತು ಆ ಜಾಗವನ್ನು ರಕ್ಷಿಸುತ್ತದೆ. ಹೀಗೆ ಕರಗುವ ವೇಗ ಊರಿಂದೂರಿಗೆ ಬೇರೆ. ವಿಜಯಪುರದ ಒಣಹವೆಯಲ್ಲಿ ವರ್ಷಗಟ್ಟಲೆ ಉಳಿಯುವ ಲೇಪ ಮಲ್ಪೆ, ಕಾರವಾರದ ಉಪ್ಪುಗಾಳಿಯಲ್ಲಿ ಬಹುಬೇಗ ಮುಗಿಯುತ್ತದೆ. ಸಮುದ್ರ ಕಾಣುವಷ್ಟು ಹತ್ತಿರದ ಮನೆಯವರು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಹೆಚ್ಚು ದುಡ್ಡು ಕೊಡುವುದು ವ್ಯರ್ಥವಲ್ಲ. ಆದರೆ ಎರಡನ್ನೂ ಬೆರೆಸಬೇಡಿ. ಸ್ಟೇನ್‌ಲೆಸ್ ಅಥವಾ ತಾಮ್ರ ತಾಗಿದಲ್ಲಿ ಸತು ಬೇಗ ತಿನ್ನಲ್ಪಡುತ್ತದೆ. ಜಿಐ ಹಗ್ಗಕ್ಕೆ ಜಿಐ ಕ್ಲಾಂಪ್, ಜಿಐ ಥಿಂಬಲ್, ಅಲ್ಯೂಮಿನಿಯಂ ಫೆರೂಲ್.

ಹಸಿ ಸಿಮೆಂಟ್, ಟೈಲ್ಸ್ ತೊಳೆಯುವ ಆಸಿಡ್ ಎರಡೂ ಸತುವಿಗೆ ವೈರಿಗಳು. ಹೊಸ ಸುರುಳಿಯನ್ನು ಒದ್ದೆಯಾದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬಿಳಿ ಪುಡಿ ಏಳುತ್ತದೆ, ಗಾಳಿಯಾಡುವಲ್ಲಿ ತೂಗುಹಾಕಿ. ಬಟ್ಟೆಗೆ ಬಳಸುವ ಮೊದಲು ಹೊಸ ಹಗ್ಗದ ಎಣ್ಣೆಜಿಡ್ಡನ್ನು ಸೋಪಿನ ನೀರಿನಲ್ಲಿ ಒರೆಸದಿದ್ದರೆ ಬಿಳಿ ಪಂಚೆಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಬಟ್ಟೆಗೆ ಪ್ಲಾಸ್ಟಿಕ್ ಹೊದಿಕೆಯದ್ದು ಅನುಕೂಲ ನಿಜ, ಆದರೆ ಹೊದಿಕೆ ಒಡೆದಲ್ಲಿ ನೀರು ಒಳಗಿಳಿದು ಕಣ್ಣಿಗೆ ಕಾಣದಂತೆ ತುಕ್ಕು ಹಿಡಿಸುತ್ತದೆ. ಹೊದಿಕೆಯ ಮೇಲೆ ಕಂದು ಕಲೆ ಅಥವಾ ಉಬ್ಬು ಕಂಡರೆ ಆ ಹಗ್ಗದ ಕಾಲ ಮುಗಿಯಿತು. ಬರಿಯ ಹಗ್ಗಕ್ಕೆ, ಬಟ್ಟೆ ತಾಗದ ಕಡೆ, ವರ್ಷಕ್ಕೊಮ್ಮೆ ಮಳೆಗಾಲದ ಮುಂಚೆ ತೆಳು ಮೆಷಿನ್ ಎಣ್ಣೆ ಒರೆಸಿ.

ಅದೇ ದಿನ ಪರೀಕ್ಷೆಯೂ ಆಗಲಿ. ಗ್ಲೌಸ್ ತೊಟ್ಟು, ಹತ್ತಿಬಟ್ಟೆಯ ಚೂರನ್ನು ಹಗ್ಗದ ಉದ್ದಕ್ಕೂ ಎಳೆಯಿರಿ. ಕಡಿದ ತಂತಿ ಇದ್ದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಕುಣಿಕೆ ಮತ್ತು ಕ್ಲಾಂಪಿನ ಹತ್ತಿರ ಒಂದು ತಂತಿ ಕಡಿದಿದ್ದರೂ ಆ ತುದಿಯನ್ನು ಕತ್ತರಿಸಿ ಹೊಸದಾಗಿ ಕಟ್ಟಿ, ನಡುವಿನಲ್ಲಿ ಒಂದೇ ಕಡೆ ಹಲವು ಕಡಿದಿದ್ದರೆ ಇಡೀ ಹಗ್ಗ ಬದಲಿಸಿ. ತೆಗೆದ ಹಗ್ಗವನ್ನು, ಕತ್ತರಿಸಿದ ಚೂರುಗಳನ್ನು ಹಿತ್ತಿಲಿಗೆ ಎಸೆಯಬೇಡಿ. ಮೇವಿನ ಜತೆ ಹಸುವಿನ ಹೊಟ್ಟೆ ಸೇರಿದ ತಂತಿಯ ಚೂರು ಜಠರದ ಗೋಡೆ ತೂರಿ ಹೃದಯದವರೆಗೂ ಹೋಗಬಲ್ಲದು. ಎಲ್ಲವನ್ನೂ ಒಂದು ಡಬ್ಬದಲ್ಲಿ ಕೂಡಿಟ್ಟು ಗುಜರಿಗೆ ಕೊಡಿ.